ಯುದ್ಧವಿಮಾನದ ಎಂಜಿನ್ನಿನ ಟರ್ಬೈನ್ ಬ್ಲೇಡ್ ಮಾಡೋದು ಯಾಕೆ ಅಷ್ಟು ಕಷ್ಟ?

ಬಿಸಿ ಗಾಳಿಯ ಹೊಡೆತಕ್ಕೆ ತಿರುಗುವ ಈ ಬ್ಲೇಡಿನ ನಿಕಲ್ ಮಿಶ್ರಲೋಹ ಸುಮಾರು 1,350 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಅದಕ್ಕೆ ಬಡಿಯುವ ಗಾಳಿಯ ಬಿಸಿ ಅದಕ್ಕಿಂತ ಜಾಸ್ತಿ! ಅದಕ್ಕೇ ಬ್ಲೇಡನ್ನು ಒಳಗೆ ಪೊಳ್ಳಾಗಿ ಎರಕ ಹೊಯ್ಯುತ್ತಾರೆ. ಎಂಜಿನ್ನಿನ ಮುಂಭಾಗದಲ್ಲಿ ಗಾಳಿಯನ್ನು ಒತ್ತುವ ಕಂಪ್ರೆಸರ್‌ನಿಂದ ಅಷ್ಟು ಬಿಸಿಯಿಲ್ಲದ ಗಾಳಿ ಒಳಗೆ ಹರಿದು, ಸಣ್ಣ ತೂತುಗಳಿಂದ ಹೊರಬಂದು ಬ್ಲೇಡಿನ ಮೈಗೆ ತೆಳು ಹೊದಿಕೆಯಾಗುತ್ತದೆ.

ಇಷ್ಟೇ ಸಾಲದು. ಮಾಮೂಲಿ ಎರಕದಲ್ಲಿ ಲೋಹ ಅಸಂಖ್ಯ ಹರಳುಗಳಾಗಿ ಗಟ್ಟಿಯಾಗುತ್ತದೆ. ಆ ಬಿಸಿಯಲ್ಲಿ, ಆ ವೇಗದಲ್ಲಿ ತಿರುಗುವಾಗ ಹರಳುಗಳ ಅಂಚೇ ಮೊದಲು ಸೋಲುತ್ತದೆ. ಹಾಗಾಗಿ ಅಚ್ಚಿನ ಬುಡದಲ್ಲಿ ಸುರುಳಿಯಂಥ ಕಿರಿದಾದ ದಾರಿ ಇಡುತ್ತಾರೆ. ಕುಲುಮೆಯಿಂದ ಅಚ್ಚನ್ನು ತುಂಬಾ ನಿಧಾನವಾಗಿ ಇಳಿಸಿದರೆ, ಬೆಳೆಯುವ ಹರಳುಗಳಲ್ಲಿ ಒಂದೇ ಒಂದು ಆ ಸುರುಳಿ ದಾಟುತ್ತದೆ. ಇಡೀ ಬ್ಲೇಡ್ ಅದೇ ಹರಳು. ಎಂಥ ಚೆಂದದ ಉಪಾಯ ಅಲ್ವಾ?

ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾ ಪ್ರಯೋಗಾಲಯ (ಡಿಎಂಆರ್‌ಎಲ್) 2021ರಲ್ಲಿ ಇಂಥ 60 ಬ್ಲೇಡ್‌ಗಳನ್ನು ಹೆಲಿಕಾಪ್ಟರ್ ಎಂಜಿನ್ನಿಗಾಗಿ ವಿಮಾನ ತಯಾರಿಸುವ ಎಚ್‌ಎಎಲ್‌ಗೆ ಕೊಟ್ಟಿತು.