ಮುಂದಿನ ಹತ್ತು ವರ್ಷ: ಘಟ್ಟದ ಮೇಲಿಂದ ಒಂದು ಉತ್ತರ

ಸುದ್ದಿ ನೋಡಿದಾಗಲೆಲ್ಲ ಬದುಕು ಹದಗೆಡುತ್ತಲೇ ಹೋಗುತ್ತಿದೆ ಎನಿಸುತ್ತದೆ, ಮುಂದಿನ ಹತ್ತು ವರ್ಷಗಳಲ್ಲಿ ಸಾಮಾನ್ಯ ಜನರ ದಿನನಿತ್ಯದ ಜೀವನ ಸುಧಾರಿಸೀತೆಂದು ನಂಬಲು ಏನಾದರೂ ಆಧಾರವಿದೆಯೇ ಎಂದು ನೀವು ಕೇಳಿದ್ದೀರಿ. ತಂದೆ-ತಾಯಿ ಕುಮಟಾ ತಾಲ್ಲೂಕಿನಲ್ಲಿದ್ದಾರೆ, ಬೆಂಗಳೂರಿನ ಕೆಲಸ ಬಿಟ್ಟು ಅಲ್ಲಿಗೆ ಮರಳುವುದು ಸರಿಯೇ ಎಂಬುದನ್ನೂ ಸೇರಿಸಿದ್ದೀರಿ. ನಾನು ಶಿರಸಿ ತಾಲ್ಲೂಕಿನಲ್ಲಿ ಸಣ್ಣದೊಂದು ಅಡಿಕೆ ತೋಟ ಮಾಡಿಕೊಂಡಿರುವವನು. ದೇಶದ ಭವಿಷ್ಯ ಹೇಳುವ ಅಧಿಕಾರ ನನಗಿಲ್ಲವಾದರೂ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ಒಂದಿಷ್ಟು ಹೇಳಬಲ್ಲೆ.

ಒಟ್ಟಾರೆಯಾಗಿ ಆಶಾವಾದಿಯೋ ನಿರಾಶಾವಾದಿಯೋ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಒಂದೊಂದೇ ಕಷ್ಟವನ್ನು ಎತ್ತಿಕೊಂಡು, ಅದನ್ನು ಅನುಭವಿಸುವವರಿಗೂ ಅದನ್ನು ಸರಿಪಡಿಸುವ ಅಧಿಕಾರವುಳ್ಳವರಿಗೂ ನಡುವೆ ಎಷ್ಟು ದೂರವಿದೆ ಎಂದು ನೋಡುವುದು ನನ್ನ ಕ್ರಮ. ದೂರ ಕಡಿಮೆಯಿದ್ದಲ್ಲಿ ನನಗೆ ಭರವಸೆಯಿದೆ, ಹೆಚ್ಚಿದ್ದಲ್ಲಿ ಇಲ್ಲ.

ಮೊದಲು ನನ್ನ ತೋಟದ ಮಾತು. ಇಪ್ಪತ್ತು ವರ್ಷಗಳ ಹಿಂದೆ ಇಲ್ಲಿಯ ಯಾವ ಮನೆಯ ಜಗಲಿಯಲ್ಲಿ ಕುಳಿತರೂ ಕೇಳಿಬರುತ್ತಿದ್ದುದು ಒಂದೇ ಚಿಂತೆ: ಅಡಿಕೆ ಮರ ಹತ್ತಿ ಕೊನೆ (ಅಡಿಕೆಯ ಗೊನೆ) ಕೊಯ್ಯುವ ಕೊನೆಗೌಡರ ಮಕ್ಕಳು ಮರ ಹತ್ತುವುದಿಲ್ಲ, ಹತ್ತಬೇಕೆಂದು ಹೇಳುವ ಹಕ್ಕೂ ಯಾರಿಗೂ ಇಲ್ಲ, ಹಾಗಾದರೆ ಕೊನೆ ಇಳಿಸುವವರು ಯಾರು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವವರು ಯಾರು? ಜಾರುವ ಮರದ ತುದಿಯಲ್ಲಿ ಕುಳಿತು ಪಕ್ಕದ ಮರವನ್ನು ಎಳೆದುಕೊಂಡು ದಾಟುವ ಆ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡವರು ಪ್ರತಿ ಊರಿನಲ್ಲೂ ಇದ್ದರು. ಹತ್ತು ವರ್ಷದಲ್ಲಿ ತೋಟಗಳೆಲ್ಲ ಹಾಳುಬೀಳುತ್ತವೆ ಎಂದು ತಿಳಿವಳಿಕೆಯುಳ್ಳವರೇ ಹೇಳುತ್ತಿದ್ದರು. ತೋಟಗಳು ಹಾಳುಬೀಳಲಿಲ್ಲ. ಕಾರ್ಬನ್ ಫೈಬರ್ ದೋಟಿ, ಅಂದರೆ ಹಗುರವಾದ ಉದ್ದನೆಯ ಕೋಲು, ಬಂತು. ಒಂದರೊಳಗೊಂದು ಸೇರಿಕೊಳ್ಳುವ ಕೊಳವೆಗಳನ್ನು ಎಳೆದು ಬಿಗಿ ಮಾಡುತ್ತ ಹೋದರೆ ಅದು ಮರದ ಎತ್ತರಕ್ಕೆ ಏರುತ್ತದೆ. ತುದಿಗೆ ಕತ್ತಿ ಸಿಕ್ಕಿಸಿದರೆ ಕೊನೆ ಕೊಯ್ಯಬಹುದು, ಪೈಪು ಮತ್ತು ನಳಿಕೆ ಕಟ್ಟಿದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ನೆಲದಲ್ಲಿ ನಿಂತೇ ಕೊನೆಗೆ ಸಿಂಪಡಿಸಬಹುದು.

ಇದರಲ್ಲಿ ಪವಾಡವೇನೂ ಇಲ್ಲ. ಬೆಳಗಿನಿಂದ ಕತ್ತೆತ್ತಿ ನಿಂತವನಿಗೆ ಸಂಜೆಯ ಹೊತ್ತಿಗೆ ಕುತ್ತಿಗೆ ತಿರುಗಿಸಲಾಗುವುದಿಲ್ಲ. ಮದ್ದು ಸೋಗೆಯ ಮೇಲೆ ಬೀಳದೆ ಕೊನೆಯ ಒಳಗೆ ತಾಗುವಂತೆ ನಳಿಕೆಯನ್ನು ಹಿಡಿಯಲು ಕಲಿಯುವುದಕ್ಕೆ ಒಂದು ಹಂಗಾಮು ಬೇಕಾಗುತ್ತದೆ. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಗೊಡುವ ವಸ್ತುವಾದ್ದರಿಂದ ತೋಟದ ಮೇಲೆ ತಂತಿ ಹಾದುಹೋಗಿದ್ದರೆ ಆ ಸಾಲಿನಲ್ಲಿ ದೋಟಿ ಎತ್ತುವಂತೆಯೇ ಇಲ್ಲ. ಆದರೂ ಮರದ ತುದಿಯಲ್ಲಿದ್ದ ಜೀವ ಈಗ ನೆಲದ ಮೇಲಿದೆ, ಮತ್ತು ಈ ಕೆಲಸಕ್ಕೆ ಮೋಟಾರ್ ಸೈಕಲ್ಲಿನಲ್ಲಿ ದೋಟಿ ಕಟ್ಟಿಕೊಂಡು ಬರುವ ಹುಡುಗರು ತಮ್ಮ ದರವನ್ನು ತಾವೇ ಹೇಳುತ್ತಾರೆ. ಜಗಲಿಯಲ್ಲಿ ಕುಳಿತು ಗೊಣಗುವ ಕೆಲವು ಯಜಮಾನರಿಗೆ ಈ ಎರಡನೆಯ ಬದಲಾವಣೆ ಹಿಡಿಸಿಲ್ಲ. ನನಗೆ ಹಿಡಿಸಿದೆ.

ಇನ್ನು ಆಸ್ಪತ್ರೆ. ಇಲ್ಲಿ ನನಗೆ ಸದ್ಯಕ್ಕೆ ಭರವಸೆಯಿಲ್ಲ. 2011ರ ಜನಗಣತಿಯ ಪ್ರಕಾರ 14 ಲಕ್ಷಕ್ಕೂ ಹೆಚ್ಚು ಜನರಿರುವ, ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಗಿಲಾದ ಈ ಜಿಲ್ಲೆಯಲ್ಲಿ ಹೃದಯಾಘಾತವಾದರೂ ತಲೆಗೆ ಪೆಟ್ಟುಬಿದ್ದರೂ ನಾವು ಹೊರಡುವುದು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ. ಕಾರವಾರದಿಂದ ಮಣಿಪಾಲಕ್ಕೆ ಸುಮಾರು 200 ಕಿಲೋಮೀಟರ್, ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿ ವರ್ಷಗಳೇ ಆದವು. ಅದರಿಂದ ಉಪಕಾರವಾಗಿಲ್ಲವೆಂದು ಹೇಳಿದರೆ ಅನ್ಯಾಯವಾದೀತು, ಆದರೆ ದೊಡ್ಡ ಕಾಯಿಲೆಯವರ ಪ್ರಯಾಣ ನಿಂತಿಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಮಳೆಗೆ ಜಾರಿ ಅಪ್ಪಳಿಸಿ ನಾಲ್ವರು ತೀರಿಕೊಂಡರು. ಅದರ ಬೆನ್ನಿಗೆ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಎಲ್ಲ ಪಕ್ಷಗಳಿಗೂ ಕೇಳಿಸುವಷ್ಟು ಜೋರಾಯಿತು, ಘೋಷಣೆಗಳೂ ಬಂದವು. ಆದರೆ ಅಂಥ ಆಸ್ಪತ್ರೆಗೆ ಹಣ ಬಿಡುಗಡೆ ಮಾಡುವವರಾಗಲಿ, ಹೃದ್ರೋಗ ತಜ್ಞರನ್ನು ನೇಮಿಸುವವರಾಗಲಿ ರಾತ್ರಿ ಎರಡು ಗಂಟೆಗೆ ಅರಬೈಲು ಘಟ್ಟ ಹತ್ತುವ ಆಂಬುಲೆನ್ಸಿನಲ್ಲಿ ಕುಳಿತಿರುವುದಿಲ್ಲ. ನಾನು ಹೇಳಿದ ದೂರ ಇದೇ.

ಗುಡ್ಡಗಳ ವಿಷಯವೂ ಇದೇ ಜಾತಿಯದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ರಸ್ತೆ ಬದಿಯಲ್ಲಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಕುಟುಂಬವನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಮೂರು ವಾರ ಕಳೆಯುತ್ತಿದ್ದಂತೆ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಮಳೆ ಹೆಚ್ಚಾಯಿತು ಎನ್ನುವುದು ಅರ್ಧ ಸತ್ಯ ಮಾತ್ರ. ಜಂಬಿಟ್ಟಿಗೆ ಮಣ್ಣಿನ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದು ಅದರ ಬುಡದಲ್ಲಿ ರಸ್ತೆ ಮಾಡಿದರೆ, ಒಳಗೆ ಇಂಗಿದ ನೀರು ಎಲ್ಲಿಂದಾದರೂ ಹೊರಬರಲೇಬೇಕು. ಮುಂದಿನ ಹತ್ತು ಮಳೆಗಾಲಗಳಲ್ಲಿ ಇಂಥ ಇನ್ನಷ್ಟು ಸುದ್ದಿಗಳನ್ನು ಓದಬೇಕಾಗಬಹುದು ಎಂದೇ ನನ್ನ ಅಂದಾಜು.

ಇಲ್ಲಿಗೇ ನಿಲ್ಲಿಸಿದರೆ ನಿಮ್ಮ ನಿರಾಶೆಗೆ ನಾನು ಸಾಕ್ಷಿ ಹೇಳಿದಂತಾಗುತ್ತದೆ. ಆದರೆ ಆ ದೂರವನ್ನು ಕಡಿಮೆ ಮಾಡಿದ ಉದಾಹರಣೆಯೂ ಇದೇ ನೆಲದಲ್ಲಿದೆ. ಬೇಡ್ತಿ ನದಿಗೆ ಜಲವಿದ್ಯುತ್ ಯೋಜನೆ ಬರುತ್ತದೆ, ತೋಟಗಳು ಮುಳುಗುತ್ತವೆ ಎಂಬ ಭಯ ಹರಡಿದಾಗ ಇಲ್ಲಿಯ ಬೆಳೆಗಾರರು ಮೆರವಣಿಗೆ ಮಾಡಿದ್ದಷ್ಟೇ ಅಲ್ಲ, ತಮ್ಮ ಸಹಕಾರಿ ಸಂಘದ ಮೂಲಕ ವಿಜ್ಞಾನಿಗಳನ್ನು ಕರೆಸಿದರು. 1981ರಲ್ಲಿ ಶಿರಸಿಯಲ್ಲಿ ನಡೆದ ವಿಚಾರ ಸಂಕಿರಣದಲ್ಲಿ ಯೋಜನೆಯ ಲಾಭ-ನಷ್ಟಗಳನ್ನು ಅಂಕಿ-ಅಂಶಗಳ ಮೇಲೆ ಚರ್ಚಿಸಲಾಯಿತು, ಮುಂದೆ ಯೋಜನೆ ನಿಂತಿತು. ಎರಡು ವರ್ಷಗಳ ನಂತರ, 1983ರ ಸೆಪ್ಟೆಂಬರಿನಲ್ಲಿ, ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ, ಕಡಿಯಲು ಬಿಡದೆ ಮರಗಳನ್ನು ಅಪ್ಪಿಕೊಂಡರು. ಅಘನಾಶಿನಿ ನದಿಗೆ ಇಂದಿಗೂ ದೊಡ್ಡ ಅಣೆಕಟ್ಟು ಬಂದಿಲ್ಲ, ಅದು ಸಮುದ್ರ ಸೇರುವ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಇಂಥ ಗೆಲುವುಗಳು ಶಾಶ್ವತವಲ್ಲ ನಿಜ. ಈಗ ಬೇಡ್ತಿ-ವರದಾ ನದಿ ಜೋಡಣೆಯ ಪ್ರಸ್ತಾಪ ಎದ್ದಿದೆ, ಮತ್ತೆ ಸಭೆಗಳು ನಡೆಯುತ್ತಿವೆ. ಆದರೆ ಆಗ ಭಯಪಟ್ಟವರು ಆ ಭಯಕ್ಕೆ ಲೆಕ್ಕ ಕೊಟ್ಟಿದ್ದರಿಂದ ನಲವತ್ತು ವರ್ಷಗಳ ಬೆಳೆ ನಮ್ಮ ಪಾಲಿಗೆ ಬಂತು. ಆಸ್ಪತ್ರೆಯ ಬೇಡಿಕೆಗೆ ಇಂಥ ಲೆಕ್ಕ ಕೊಡುವವರು ಇನ್ನೂ ಒಟ್ಟಾಗಿಲ್ಲ ಎಂಬುದು ನನ್ನ ಕೊರಗು.

ಅಡಿಕೆಯನ್ನೇ ನಂಬಿದ ನಮ್ಮ ಸಂಪಾದನೆಯ ಬಗ್ಗೆಯೂ ಒಂದು ಮಾತು ಹೇಳಬೇಕು, ನಮ್ಮವರಿಗೆ ಅದು ಹಿತವಾಗಲಾರದು. ಎಲೆಚುಕ್ಕಿ ರೋಗ ಹಬ್ಬುತ್ತಿದೆ. ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ ವರ್ಗೀಕರಿಸಿ ಇಪ್ಪತ್ತು ವರ್ಷಗಳಾದವು. ಮರಕ್ಕೊಂದು ಕಾಳುಮೆಣಸಿನ ಬಳ್ಳಿ ಹಬ್ಬಿಸಿಕೊಂಡವರು ಸ್ವಲ್ಪ ನಿಶ್ಚಿಂತರು, ಉಳಿದವರು ಧಾರಣೆಯ ಫಲಕ ನೋಡಿಕೊಂಡು ನಿದ್ದೆ ಮಾಡುತ್ತಾರೆ.

ನಿಮ್ಮ ತಂದೆ-ತಾಯಿಯ ಕಡೆಗೆ ಬರುತ್ತೇನೆ. ಅವರಿಗೆ ಅಳಿವೆಯ ಗಜನಿಯಲ್ಲಿ ಭೂಮಿಯಿದ್ದರೆ ಅದನ್ನು ಸುಮ್ಮನೆ ಬಿಟ್ಟುಬಿಡಬೇಡಿ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವ ನೆಲವದು, ಸಮುದ್ರದ ನೀರು ಒಳನುಗ್ಗುವ ಕಾಲದಲ್ಲಿ ಅಂಥ ಬೀಜ ಉಳಿದಿರುವುದೇ ಭಾಗ್ಯ. ಆದರೆ ಗಜನಿಯ ಒಡ್ಡನ್ನು ಒಬ್ಬನೇ ಕಾಯಲಾಗುವುದಿಲ್ಲ. ಪಕ್ಕದವರೂ ಸೇರಿ ವರ್ಷವರ್ಷ ಮಣ್ಣು ಹಾಕಬೇಕು, ಭರತ ಇಳಿತಗಳನ್ನು ನೋಡಿ ನೀರಿನ ಬಾಗಿಲು ತೆಗೆದು ಮುಚ್ಚಬೇಕು. ಆ ಕೆಲಸಕ್ಕೆ ಜನ ಇದ್ದಾರೆಯೇ ಎಂದು ಹಣದ ಲೆಕ್ಕಕ್ಕಿಂತ ಮೊದಲು ವಿಚಾರಿಸಿ.

ಮರಳುವ ವಿಷಯದಲ್ಲಿ ನನ್ನ ಸಲಹೆ ಇಷ್ಟೇ. ಇಬ್ಬರಲ್ಲಿ ಯಾರಿಗಾದರೂ ಹೃದಯದ ತೊಂದರೆಯಿದ್ದರೆ ಮಳೆಗಾಲದ ಮಟ್ಟಿಗಾದರೂ ಅವರನ್ನು ನಿಮ್ಮಲ್ಲಿಗೆ ಕರೆದುಕೊಳ್ಳಿ. ಇಲ್ಲವಾದರೆ, ಮತ್ತು ಮನೆಯಿಂದಲೇ ಕೆಲಸ ಮಾಡಲು ನಿಮ್ಮ ಸಂಸ್ಥೆ ಒಪ್ಪುವುದಾದರೆ, ನೌಕರಿ ಬಿಡುವ ಮೊದಲು ಒಂದು ಜುಲೈ ತಿಂಗಳನ್ನು ಪೂರ್ತಿಯಾಗಿ ಊರಿನಲ್ಲಿ ಕಳೆಯಿರಿ. ಡಿಸೆಂಬರಿನಲ್ಲಿ ಬಂದು ತೀರ್ಮಾನಿಸಬೇಡಿ, ಆಗ ನಮ್ಮ ಜಿಲ್ಲೆ ಎಂಥವರನ್ನೂ ಮರುಳುಮಾಡುತ್ತದೆ. ಗಾಳಿಗೆ ಮರ ಬಿದ್ದು ಕರೆಂಟು ಹೋದಾಗ ಎಷ್ಟು ಹೊತ್ತಿಗೆ ಬರುತ್ತದೆ, ಇಂಟರ್ನೆಟ್ ನಿಂತರೆ ಯಾರಿಗೆ ಫೋನು ಮಾಡಬೇಕು, ರಾತ್ರಿ ಹೊತ್ತು ಮನೆಯ ಬಾಗಿಲಿಗೆ ಆಂಬುಲೆನ್ಸ್ ಬರುವಂತಹ ರಸ್ತೆಯಿದೆಯೇ ಅಥವಾ ರೋಗಿಯನ್ನು ಸಂಕ (ಕಾಲುಸೇತುವೆ) ದಾಟಿಸಿ ಎತ್ತಿಕೊಂಡು ಬರಬೇಕೇ ಎಂಬುದನ್ನು ಕಣ್ಣಾರೆ ಕಂಡು ಬರೆದಿಟ್ಟುಕೊಳ್ಳಿ. ಆಮೇಲೆ ರಾಜೀನಾಮೆಯ ಮಾತು.