ಎಲ್ಲಕ್ಕೂ ಒಂದೇ ಲಾಗಿನ್: ಅನುಕೂಲವೋ ಅಪಾಯವೋ?

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಕಡತಗಳಿಗೆ, ಇಮೇಲ್‌ಗೆ, ಲೆಕ್ಕಪತ್ರದ ತಂತ್ರಾಂಶಕ್ಕೆ ಇದುವರೆಗೆ ಬೇರೆ ಬೇರೆ ಪಾಸ್‌ವರ್ಡ್‌ಗಳಿದ್ದವು. ಈಗ ಎಲ್ಲಕ್ಕೂ ಒಂದೇ ಲಾಗಿನ್ ಇರುವ ಕೆರ್ಬರೋಸ್ (ಬಳಕೆದಾರರು ಯಾರೆಂದು ಖಚಿತಪಡಿಸುವ ಒಂದು ವಿಧಾನ) ಆಧಾರಿತ ವ್ಯವಸ್ಥೆಯನ್ನು ತರುತ್ತಿದ್ದಾರೆ. ಲಾಗಿನ್ ಪರಿಶೀಲಿಸುವ ಆ ಒಂದು ಸರ್ವರ್ ಕಳ್ಳರ ಕೈಗೆ ಸಿಕ್ಕರೆ ಎಲ್ಲವೂ ಹೋದಂತಲ್ಲವೇ? ಅಲ್ಲದೆ, ಪಾಸ್‌ವರ್ಡ್ ಸರಿಯಿದ್ದರೂ ಕೆಲವು ಕಂಪ್ಯೂಟರ್‌ಗಳು ಒಳಗೆ ಬಿಡುತ್ತಿಲ್ಲ, ಏಕೆ?

ಉತ್ತರ: ನಿಮ್ಮ ಭಯದಲ್ಲಿ ಹುರುಳಿದೆ. ಆದರೆ ಹತ್ತು ಕಡೆ ಹತ್ತು ಪಾಸ್‌ವರ್ಡ್ ಇದ್ದಾಗ ಜನ ಒಂದನ್ನೇ ಎಲ್ಲೆಡೆ ಬಳಸುತ್ತಾರೆ, ಇಲ್ಲವೇ ಚೀಟಿಯಲ್ಲಿ ಬರೆದು ಕೀಬೋರ್ಡಿನ ಕೆಳಗೆ ಇಡುತ್ತಾರೆ. ಕೆಲಸ ಬಿಟ್ಟು ಹೋದವರ ಖಾತೆಗಳಲ್ಲಿ ಒಂದೆರಡನ್ನು ಮುಚ್ಚುವುದು ಮರೆತೇಹೋಗುತ್ತದೆ. ಕೇಂದ್ರೀಕೃತ ವ್ಯವಸ್ಥೆಯ ದೊಡ್ಡ ಲಾಭವೆಂದು ನಾನು ಎಣಿಸುವುದು ಅನುಕೂಲವನ್ನಲ್ಲ, ಖಾತೆಯನ್ನು ಒಂದೇ ಕಡೆ ಮುಚ್ಚಬಹುದೆಂಬುದನ್ನು.

ಕೆರ್ಬರೋಸ್ ರೂಪುಗೊಂಡದ್ದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ, 1983ರಲ್ಲಿ ಆರಂಭವಾದ ಅಥೀನಾ ಯೋಜನೆಯ ಭಾಗವಾಗಿ. ವಿಂಡೋಸ್ 2000ದಿಂದೀಚೆಗೆ ಸಂಸ್ಥೆಯ ಖಾತೆಗಳನ್ನೆಲ್ಲ ಒಂದೆಡೆ ನಿರ್ವಹಿಸುವ ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಯೂ ಇದನ್ನೇ ನೆಚ್ಚಿಕೊಂಡಿದೆ. ಇದರಲ್ಲಿ ನಿಮ್ಮ ಪಾಸ್‌ವರ್ಡ್ ನೆಟ್‌ವರ್ಕ್ ತಂತಿಯ ಮೇಲೆ ಹೋಗುವುದೇ ಇಲ್ಲ. ನಿಮ್ಮ ಕಂಪ್ಯೂಟರ್ ಪಾಸ್‌ವರ್ಡ್‌ನಿಂದ ಒಂದು ಕೀಲಿಯನ್ನು ತಯಾರಿಸಿ, ಆ ಕ್ಷಣದ ಸಮಯವನ್ನು ಅದರಿಂದ ಗೂಢಲಿಪಿಗೆ ತಿರುಗಿಸಿ ಸರ್ವರ್‌ಗೆ ಕಳುಹಿಸುತ್ತದೆ; ಸರ್ವರ್ ತನ್ನ ಬಳಿ ಇರುವ ಅದೇ ಕೀಲಿಯಿಂದ ಅದನ್ನು ಬಿಡಿಸಿ, ಸಮಯ ಹೊಂದಿದರೆ ಮಾತ್ರ ಒಂದು ಟಿಕೆಟ್, ಅಂದರೆ ನೀವು ಯಾರೆಂದು ಸಾರುವ ಡಿಜಿಟಲ್ ಚೀಟಿ, ಕೊಡುತ್ತದೆ. ಆಮೇಲೆ ಕಡತ, ಮುದ್ರಣ, ಇಮೇಲ್ ಎಂದು ಪ್ರತಿಯೊಂದು ಸೇವೆಗೂ ಆ ಟಿಕೆಟ್ ತೋರಿಸಿ ಬೇರೆ ಟಿಕೆಟ್ ಪಡೆಯುವ ಕೆಲಸವನ್ನು ಕಂಪ್ಯೂಟರ್ ನಿಮಗೆ ತಿಳಿಯದಂತೆಯೇ ಮಾಡಿಕೊಳ್ಳುತ್ತದೆ. ಆಕ್ಟಿವ್ ಡೈರೆಕ್ಟರಿಯಲ್ಲಿ ಬೇರೆ ಏನನ್ನೂ ನಿಗದಿಪಡಿಸದಿದ್ದರೆ ಮೊದಲ ಟಿಕೆಟ್‌ನ ಆಯುಷ್ಯ 10 ಗಂಟೆ.

ನಿಮ್ಮ ಎರಡನೆಯ ಸಂದೇಹಕ್ಕೂ ಉತ್ತರ ಬಹುಶಃ ಇಲ್ಲಿಯೇ ಇದೆ. ಯಾರೋ ಕದ್ದು ಹಿಡಿದ ಹಳೆಯ ಸಂದೇಶವನ್ನು ಮರುದಿನ ಮತ್ತೆ ಕಳುಹಿಸಿ ಒಳನುಗ್ಗಬಾರದೆಂಬ ಕಾರಣಕ್ಕೆ, ಎರಡೂ ಕಡೆಯ ಗಡಿಯಾರಗಳ ನಡುವೆ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ಅಂತರವನ್ನು ಕೆರ್ಬರೋಸ್ ಒಪ್ಪುವುದಿಲ್ಲ. ಮದರ್‌ಬೋರ್ಡಿನ ಮೇಲೆ ಗಡಿಯಾರವನ್ನು ನಡೆಸುವ ಗುಂಡಿಯಂಥ ಪುಟ್ಟ ಬ್ಯಾಟರಿ ಸತ್ತಿರುವ ಹಳೆಯ ಕಂಪ್ಯೂಟರ್ ಪ್ರತಿದಿನ ಬೆಳಿಗ್ಗೆ ಯಾವುದೋ ಹಿಂದಿನ ವರ್ಷಕ್ಕೆ ಹೋಗಿ ಕುಳಿತಿರುತ್ತದೆ. ಬಳಕೆದಾರರು ಪಾಸ್‌ವರ್ಡ್ ಮರೆತೆವೆಂದುಕೊಂಡು ನಾಲ್ಕು ಬಾರಿ ಒತ್ತಿ ಖಾತೆಗೇ ಬೀಗ ಹಾಕಿಸಿಕೊಳ್ಳುತ್ತಾರೆ. ಪಾಸ್‌ವರ್ಡ್ ಬದಲಿಸುವ ಮೊದಲು ಪರದೆಯ ಮೂಲೆಯ ದಿನಾಂಕವನ್ನು ನೋಡಲು ಹೇಳಿ, ಎಲ್ಲ ಯಂತ್ರಗಳನ್ನೂ ಸರಿಯಾದ ಸಮಯ ತಿಳಿಸುವ ಒಂದೇ ಸರ್ವರ್‌ಗೆ ಜೋಡಿಸಿಸಿ.

ಇನ್ನು ಸರ್ವರ್ ಕಳ್ಳರ ಕೈಗೆ ಸಿಕ್ಕರೆ? ಎಲ್ಲರ ಕೀಲಿಗಳೂ ಅಲ್ಲಿರುವುದರಿಂದ ಎಲ್ಲ ಪಾಸ್‌ವರ್ಡ್‌ಗಳೂ ಬದಲಾಗಬೇಕು. ಅದಕ್ಕಿಂತ ಕೆಟ್ಟದ್ದೆಂದರೆ, ಟಿಕೆಟ್‌ಗಳಿಗೆ ಮುದ್ರೆ ಒತ್ತುವ ಕೀಲಿ ಕದ್ದವನು ಯಾರ ಹೆಸರಿನಲ್ಲಿ ಬೇಕಾದರೂ ನಕಲಿ ಟಿಕೆಟ್ ತಯಾರಿಸಬಲ್ಲ. ಆಗ ಆಕ್ಟಿವ್ ಡೈರೆಕ್ಟರಿಯಲ್ಲಿ ಆ ಕೀಲಿಗೆಂದೇ ಇರುವ ವಿಶೇಷ ಖಾತೆಯ ಪಾಸ್‌ವರ್ಡನ್ನು ಎರಡು ಬಾರಿ ಬದಲಿಸಬೇಕು, ಏಕೆಂದರೆ ವ್ಯವಸ್ಥೆ ಹಿಂದಿನ ಕೀಲಿಯನ್ನೂ ನೆನಪಿಟ್ಟಿರುತ್ತದೆ. ಹೀಗಾಗಿ ಆ ಸರ್ವರ್ ಮೇಲೆ ಬೇರೆ ಯಾವ ತಂತ್ರಾಂಶವನ್ನೂ ಓಡಿಸಬಾರದು, ಆಡಳಿತಗಾರರ ಲಾಗಿನ್‌ಗೆ ಪಾಸ್‌ವರ್ಡ್ ಅಲ್ಲದೆ ಎರಡನೆಯ ಪರಿಶೀಲನೆಯೂ ಇರಲೇಬೇಕು. ಒಂದು ಕೆಟ್ಟರೆ ಕೆಲಸ ನಿಲ್ಲದಂತೆ ಇನ್ನೊಂದು ಸರ್ವರ್ ಇರಲಿ. ಅದಕ್ಕೂ ಅಷ್ಟೇ ಕಾವಲು ಬೇಕು.

ಪ್ರಶ್ನೆ: ನಮ್ಮ ವೈಫೈಗೆ ಒಂದೇ ಪಾಸ್‌ವರ್ಡ್ ಇದೆ, ಕೆಲಸ ಬಿಟ್ಟವರಿಗೂ ಅದು ಗೊತ್ತು. ದಾರಿಯೇನು?

ಉತ್ತರ: ವೈಫೈ ಉಪಕರಣದಲ್ಲಿ ಎಂಟರ್‌ಪ್ರೈಸ್ ವಿಧಾನವನ್ನು ಆರಿಸಿ, ಅದನ್ನು ರೇಡಿಯಸ್ ಸರ್ವರ್‌ಗೆ (ಪ್ರವೇಶ ಕೋರುವವರ ಹೆಸರು, ಪಾಸ್‌ವರ್ಡ್ ಪರಿಶೀಲಿಸುವ ಸರ್ವರ್) ಜೋಡಿಸಿದರೆ, ಪ್ರತಿಯೊಬ್ಬರೂ ತಮ್ಮದೇ ಹೆಸರು, ಪಾಸ್‌ವರ್ಡ್ ಬಳಸಿ ಪ್ರವೇಶಿಸುತ್ತಾರೆ. ಇದಕ್ಕೆ ಫ್ರೀರೇಡಿಯಸ್ ಎಂಬ ಮುಕ್ತ ತಂತ್ರಾಂಶ ಸಾಕು. ಆದರೆ ಸರ್ವರ್ ಅಸಲಿಯೆಂದು ಗುರುತಿಸಲು ನೆರವಾಗುವ ಅದರ ಡಿಜಿಟಲ್ ಪ್ರಮಾಣಪತ್ರವನ್ನು ಎಲ್ಲ ಲ್ಯಾಪ್‌ಟಾಪ್, ಫೋನ್‌ಗಳಲ್ಲಿ ಮೊದಲೇ ಕಡ್ಡಾಯವಾಗಿ ಅಳವಡಿಸಿ. ಇಲ್ಲವಾದರೆ ಅದೇ ಹೆಸರಿನ ನಕಲಿ ವೈಫೈ ಎದುರಾದಾಗ, ಎಚ್ಚರಿಕೆಯ ಪೆಟ್ಟಿಗೆಯನ್ನು ಓದದೆ ಒಪ್ಪಿಗೆ ಒತ್ತುವವರು ತಮ್ಮ ಲಾಗಿನ್ ವಿವರವನ್ನು ತಾವೇ ಕಳ್ಳರಿಗೆ ಒಪ್ಪಿಸಿಬಿಡುತ್ತಾರೆ.