ಸ್ನೋ ಬಿದ್ದ ರಸ್ತೆಯಲ್ಲಿ ನಿಲ್ಲುವುದೇ ಕಷ್ಟ

ಅಮೆರಿಕದ ಮಿನ್ನೆಸೋಟದಲ್ಲಿ 19 ಚಳಿಗಾಲ ಕಾರು ಓಡಿಸಿರುವ ತೀರ್ಥಹಳ್ಳಿ ಮೂಲದ ನರ್ಸ್ ಒಬ್ಬರು ಈ ಸಲ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಹಾಸನದವನು. ಆಗಸ್ಟ್‌ನಲ್ಲಿ ಕೆಲಸಕ್ಕೆಂದು ಮಿನಿಯಾಪೊಲಿಸ್‌ಗೆ ಬಂದೆ. ಬೆಂಗಳೂರಿನಲ್ಲಿ ಆರು ವರ್ಷ ಕಾರು ಓಡಿಸಿದ್ದೇನೆ. ಇಲ್ಲಿನ ಚಳಿಗಾಲದ ಬಗ್ಗೆ ಕೇಳಿ ಆಲ್ ವೀಲ್ ಡ್ರೈವ್ ಕಾರನ್ನೇ ತೆಗೆದುಕೊಂಡೆ. ಈಗ ಆಫೀಸಿನ ಗೆಳೆಯರು ಸ್ನೋ ಟೈರು ಹಾಕಿಸು ಅನ್ನುತ್ತಾರೆ. ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಇರುವಾಗ ಮತ್ತೆ ಟೈರಿಗೆ ದುಡ್ಡು ಹಾಕಬೇಕಾ?

ಉತ್ತರ: ಹಾಕಬೇಕು. ನಿಮ್ಮ ಕಾರು ಹೊರಡುವುದರಲ್ಲಿ ಜಾಣ. ಸಿಗ್ನಲ್ ಹಸಿರಾದಾಗ ಪಕ್ಕದವರ ಚಕ್ರ ಇದ್ದಲ್ಲೇ ತಿರುಗುತ್ತಿದ್ದರೂ ನಿಮ್ಮದು ಮುಂದೆ ಹೋಗುತ್ತದೆ. ಆದರೆ ನಿಲ್ಲುವಾಗ? ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ ಅಲ್ವಾ. ಆಗ ಕಾರನ್ನು ಹಿಡಿದು ನಿಲ್ಲಿಸುವುದು ಟೈರಿನ ರಬ್ಬರು. ಸಲೀಸಾಗಿ ಹೊರಟ ಕಾರು ಸಲೀಸಾಗಿ ನಿಲ್ಲುತ್ತದೆ ಅಂತ ನಂಬಿಕೊಳ್ಳುವುದೇ ಅಪಾಯ.

ಮಾಮೂಲಿ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗುತ್ತಾ ಹೋಗುತ್ತದೆ. ಸ್ನೋ ಟೈರಿನ ರಬ್ಬರು ಆ ಚಳಿಯಲ್ಲೂ ಮೆತ್ತಗಿರುತ್ತದೆ. ಟೈರಿನ ಬದಿಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇದೆಯಾ ನೋಡಿ ಕೊಳ್ಳಿ. ನಾಲ್ಕೂ ಬದಲಾಯಿಸಿ. ಎರಡೇ ಹಾಕಿದರೆ ಕಾರಿನ ಒಂದು ತುದಿ ಹಿಡಿಯುತ್ತದೆ, ಇನ್ನೊಂದು ಜಾರುತ್ತದೆ.

ನನ್ನ ಮೂರನೇ ಚಳಿಗಾಲದ ಒಂದು ಬೆಳಿಗ್ಗೆ ಹೇಳುತ್ತೇನೆ. ಆರು ಗಂಟೆ, ಇನ್ನೂ ಕತ್ತಲು. ಸ್ನೋ ಬೀಳುತ್ತಿರಲಿಲ್ಲ. ರಸ್ತೆ ಸ್ವಲ್ಪ ಒದ್ದೆ ಇದ್ದಂತೆ ಕಾಣುತ್ತಿತ್ತು, ಅಷ್ಟೇ. ಒಂದು ಸೇತುವೆ ಮೇಲೆ ಮುಂದಿನ ಕಾರಿನ ಕೆಂಪು ದೀಪ ಹೊತ್ತಿತು. ನಾನು ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿಬಿಟ್ಟೆ. ಕಾರು ಅರ್ಧ ಸುತ್ತು ಹೊಡೆದು, ಬದಿಗೆ ಗುಡ್ಡೆ ಹಾಕಿದ್ದ ಹಿಮಕ್ಕೆ ಹೋಗಿ ಕೂತಿತು. ಯಾರಿಗೂ ಏನೂ ಆಗಲಿಲ್ಲ. ಹಿಂದೆ ಲಾರಿ ಇದ್ದಿದ್ದರೆ ಅಂತ ಈಗಲೂ ಆ ಸೇತುವೆ ದಾಟುವಾಗ ಅನ್ನಿಸುತ್ತದೆ.

ಅದು ಬ್ಲ್ಯಾಕ್ ಐಸ್. ಡಾಂಬರಿನ ಮೇಲೆ ಗಾಜಿನಂತೆ ಕೂರುವ ತೆಳು ಪದರ. ಕೆಳಗಿನ ಕಪ್ಪು ಕಾಣುವುದರಿಂದ ಮಂಜುಗಡ್ಡೆ ಅಂತ ಗೊತ್ತೇ ಆಗುವುದಿಲ್ಲ. ಸೇತುವೆಗೆ ಮೇಲಿನಿಂದಲೂ ಕೆಳಗಿನಿಂದಲೂ ಚಳಿ ಗಾಳಿ ಬಡಿಯುತ್ತದೆ, ಹಾಗಾಗಿ ಉಳಿದ ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತದೆ. ಗುರುತು ಹಿಡಿಯುವ ಒಂದು ದಾರಿ ಇದೆ. ರಸ್ತೆ ಒದ್ದೆಯಾಗಿ ಕಂಡರೂ ಮುಂದಿನ ಕಾರಿನ ಚಕ್ರದಿಂದ ನೀರು ಚಿಮ್ಮುತ್ತಿಲ್ಲ ಅಂದರೆ ಅನುಮಾನಪಡಿ. ಇನ್ನೊಂದು ಮಾತು. ಮೈನಸ್ 20ರ ದಿನಕ್ಕಿಂತ ಸೊನ್ನೆಯ ಆಸುಪಾಸಿನ ದಿನಕ್ಕೆ ನಾನು ಜಾಸ್ತಿ ಹೆದರುತ್ತೇನೆ. ಆಗ ಮಂಜುಗಡ್ಡೆಯ ಮೈ ಇನ್ನೂ ನುಣುಪು. ರಸ್ತೆಗೆ ಉಪ್ಪು ಹಾಕಿದ್ದಾರಲ್ಲ ಅಂತಲೂ ಧೈರ್ಯ ಬೇಡ. ಸುಮಾರು ಮೈನಸ್ 9ರ ಕೆಳಗೆ ಮಾಮೂಲಿ ಉಪ್ಪು ಸರಿಯಾಗಿ ಕೆಲಸ ಮಾಡುವುದಿಲ್ಲ.

ಓಡಿಸುವುದು ಹೇಗೆ? ನಮ್ಮ ಮಲೆನಾಡಿನ ಕಡೆ ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟುತ್ತದೆ. ಜಾರದಿರಲೆಂದು ಹಾಸುವ ಅಡಿಕೆ ಮರದ ದಬ್ಬೆ ಇಲ್ಲದ ಜಾಗದಲ್ಲಿ ಅಜ್ಜಿ ನಡೆಯುವುದನ್ನು ನೋಡಿದ್ದೇನೆ. ಸಣ್ಣ ಹೆಜ್ಜೆ. ಅವಸರವಿಲ್ಲ. ತಿರುಗುವ ಮೊದಲೇ ನಿಧಾನ. ಒಂದೇ ಸಲಕ್ಕೆ ಎರಡು ಕೆಲಸ ಮಾಡುತ್ತಿರಲಿಲ್ಲ. ಕಾರನ್ನೂ ಹಾಗೆಯೇ ಓಡಿಸಿ. ತಿರುವಿಗೆ ಮೊದಲೇ ಬ್ರೇಕ್ ಮುಗಿಸಿ, ಆಮೇಲೆ ಸ್ಟೇರಿಂಗ್ ತಿರುಗಿಸಿ, ತಿರುವು ಮುಗಿದ ಮೇಲೆ ಆಕ್ಸಿಲರೇಟರ್. ಮುಂದಿನ ಕಾರು ಒಂದು ಕಂಬ ದಾಟಿದ ಮೇಲೆ ನೀವು ಆ ಕಂಬ ಮುಟ್ಟಲು ಎಂಟು-ಹತ್ತು ಸೆಕೆಂಡ್ ಆಗಬೇಕು. ಬೆಂಗಳೂರಿನಲ್ಲಿ ಅಷ್ಟು ಜಾಗ ಬಿಟ್ಟರೆ ನಾಲ್ಕು ಆಟೊ ನುಗ್ಗುತ್ತವೆ, ನಿಜ. ಇಲ್ಲೂ ಯಾರಾದರೂ ನುಗ್ಗಬಹುದು. ನುಗ್ಗಲಿ. ನೀವು ಮತ್ತೆ ಹಿಂದೆ ಸರಿಯಿರಿ. ತಾನಾಗಿಯೇ ಒಂದೇ ವೇಗ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಮುಟ್ಟಲೇಬೇಡಿ.

ಅಕಸ್ಮಾತ್ ಜಾರಿದರೆ ಎರಡೂ ಪೆಡಲ್‌ನಿಂದ ಕಾಲು ತೆಗೆಯಿರಿ. ಎಲ್ಲಿಗೆ ಹೋಗಬೇಕೋ ಆ ಕಡೆ ಕಣ್ಣಿಟ್ಟು ಅತ್ತಲೇ ಮೆಲ್ಲಗೆ ತಿರುಗಿಸಿ. ಎದುರಿಗಿರುವ ಕಂಬವನ್ನೇ ನೋಡುತ್ತಾ ಕೂತರೆ ಕೈ ಅಲ್ಲಿಗೇ ಒಯ್ಯುತ್ತದೆ. ನಿಲ್ಲಿಸಲೇಬೇಕಾದರೆ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪೆಡಲ್ ಗಡಗಡ ನಡುಗುತ್ತದೆ. ಅದು ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತಿರುವ ಗುರುತು, ಹೆದರಿ ಕಾಲು ಎತ್ತಬೇಡಿ. ಮೊದಲ ಸ್ನೋ ಬಿದ್ದ ಭಾನುವಾರ, ಕಾರು-ಕಂಬ ಇಲ್ಲದ ಖಾಲಿ ಪಾರ್ಕಿಂಗ್ ಜಾಗ ಸಿಕ್ಕರೆ ಅಲ್ಲಿನವರನ್ನು ಕೇಳಿ, ನಿಧಾನದ ವೇಗದಲ್ಲಿ ಇದನ್ನೆಲ್ಲ ಮಾಡಿ ನೋಡಿ. ಓದಿ ಕಲಿಯುವುದಕ್ಕಿಂತ ಆ ಅರ್ಧ ಗಂಟೆ ಮೇಲು.

ಹೊರಡುವ ಮುನ್ನ ಕಾರಿನ ಮಾಡಿನ ಮೇಲಿನ ಹಿಮವನ್ನೂ ಗುಡಿಸಿ. ಬಿಟ್ಟರೆ ಬ್ರೇಕ್ ಹಾಕಿದ ಕೂಡಲೇ ರಾಶಿ ಮುಂದಿನ ಗಾಜಿಗೆ ಜಾರಿ ಏನೂ ಕಾಣದಂತಾಗುತ್ತದೆ. ಗಾಜಿಗೆ ಬಿಸಿನೀರು ಸುರಿಯಬೇಡಿ, ಸೀಳುತ್ತದೆ. ಮಗುವಿದ್ದರೆ ದಪ್ಪ ಜಾಕೆಟ್ ಹಾಕಿಸಿ ಸೀಟಿನ ಬೆಲ್ಟ್ ಕಟ್ಟಬೇಡಿ. ಡಿಕ್ಕಿಯಾದಾಗ ಜಾಕೆಟ್ ಕುಗ್ಗಿ ಬೆಲ್ಟ್ ಸಡಿಲವಾಗುತ್ತದೆ. ಬೆಲ್ಟ್ ಬಿಗಿದು, ಜಾಕೆಟ್ಟನ್ನು ಮೇಲೆ ಹೊದಿಸಿ. ಇದನ್ನು ನರ್ಸ್ ಆಗಿ ಕೈಮುಗಿದು ಕೇಳುತ್ತೇನೆ.

ಪ್ರಶ್ನೆ: ಮೈಸೂರಿನವರು ನಾವು. ಜನವರಿಯಲ್ಲಿ ಮನಾಲಿಯಲ್ಲಿ ಬಾಡಿಗೆ ಕಾರು ತೆಗೆದುಕೊಂಡು, ಅಟಲ್ ಸುರಂಗ ದಾಟಿ ಸಿಸ್ಸುವಿಗೆ ನಾವೇ ಓಡಿಸಿಕೊಂಡು ಹೋಗಬಹುದಾ?

ಉತ್ತರ: ಅಲ್ಲಿನ ಡ್ರೈವರ್ ಒಬ್ಬರನ್ನು ಕರೆದುಕೊಂಡು ಹೋಗಿ. ಊರಿಗೆ ಬಂದಾಗ ಒಮ್ಮೆ ನಾನೂ ಹೋಗಿದ್ದೆ, ಇಷ್ಟು ವರ್ಷ ಓಡಿಸಿದ್ದರೂ ಸ್ಟೇರಿಂಗ್ ಮುಟ್ಟಲಿಲ್ಲ. ನಾನು ಓಡಿಸುವುದು ಬಯಲಿನ ರಸ್ತೆ, ಅದು ಬೆಟ್ಟದ ರಸ್ತೆ. 9.02 ಕಿಲೋಮೀಟರ್ ಸುರಂಗದ ಒಳಗೆ ತೊಂದರೆ ಕಡಿಮೆ. ಒಣ ರಸ್ತೆಯಿಂದ ಹೊರಬಂದ ಕೂಡಲೇ ಹಿಮ ಸಿಗುತ್ತದಲ್ಲ, ಎಚ್ಚರ ಬೇಕಿರುವುದು ಅಲ್ಲಿ. ಮಧ್ಯಾಹ್ನ ಕರಗಿದ ನೀರು ಬಿಸಿಲು ಹೋದಂತೆ ಮತ್ತೆ ಗಟ್ಟಿಯಾಗುತ್ತದೆ. ಬೇಗ ಹೋಗಿ, ಬಿಸಿಲಿರುವಾಗಲೇ ವಾಪಸ್ ಹೊರಡಿ. ಪೊಲೀಸರು ತಡೆದರೆ ವಾದ ಬೇಡ.

ಹಿಮದಲ್ಲಿ ಸಿಕ್ಕಿಹಾಕಿಕೊಂಡರೆ ಕಾರಿನಲ್ಲೇ ಇರಿ. ಆದರೆ ಹೀಟರ್ ಹಾಕುವ ಮೊದಲು ಇಳಿದು ಸೈಲೆನ್ಸರ್ ಬಾಯಿಯ ಹಿಮ ತೆಗೆಯಿರಿ. ಅದು ಮುಚ್ಚಿಕೊಂಡರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿಯಲ್ಲಿ ಹಿಮ ನೋಡಲು ಹೋದವರ ಕಾರುಗಳು ರಾತ್ರಿಯಿಡೀ ಸಿಕ್ಕಿಕೊಂಡು 20ಕ್ಕೂ ಹೆಚ್ಚು ಜನ ತೀರಿಕೊಂಡರು. ಮಕ್ಕಳೂ ಇದ್ದರು. ಗಂಟೆಗೆ ಹತ್ತು ನಿಮಿಷ ಮಾತ್ರ ಇಂಜಿನ್ ಓಡಿಸಿ, ಒಂದು ಕಿಟಕಿ ಬೆರಳಷ್ಟು ತೆರೆದಿಡಿ.

ಪ್ರಶ್ನೆ: ನನ್ನ ಮಗ ನಿಮ್ಮ ಮಿನ್ನೆಸೋಟದಲ್ಲೇ ಇದ್ದಾನೆ. ಟಿವಿಯಲ್ಲಿ ಹಿಮದ ಸುದ್ದಿ ನೋಡಿದರೆ ಜೀವ ನಿಲ್ಲುವುದಿಲ್ಲ. ಧಾರವಾಡದಲ್ಲಿ ಕೂತು ನಾನೇನು ಮಾಡಬಹುದು?

ಉತ್ತರ: ಅಕ್ಕಾ, ನೀವು ಮಾಡಬಹುದಾದ ಒಂದು ದೊಡ್ಡ ಸಹಾಯ ಇದೆ. ಚಳಿಗಾಲದಲ್ಲಿ ಇಲ್ಲಿನ ಗಡಿಯಾರ ನಿಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. ನೀವು ದೇವರ ದೀಪ ಹಚ್ಚಿ, ಅಡುಗೆ ಮುಗಿಸಿ ಸಂಜೆ ಏಳೂವರೆಗೆ ಫೋನ್ ಹಿಡಿದರೆ ಇಲ್ಲಿ ಬೆಳಿಗ್ಗೆ ಎಂಟು. ನಿಮ್ಮ ಮಗ ಆಗ ರಸ್ತೆಯಲ್ಲಿರುತ್ತಾನೆ. ಅಮ್ಮನ ಫೋನ್ ಅಂದರೆ ಯಾವ ಮಗನೂ ಎತ್ತದೇ ಇರಲಾರ. ಹಾಗಾಗಿ ಆ ಹೊತ್ತಿಗೆ ಮಾಡಬೇಡಿ. ನನ್ನ ಅಮ್ಮನೂ ನಾನು ಕಾರು ಓಡಿಸುವ ಹೊತ್ತಿಗೇ ಮಾಡುತ್ತಿದ್ದರು, ನಾನೂ ಎತ್ತುತ್ತಿದ್ದೆ. ಆ ಸೇತುವೆ ಆದಮೇಲೆ ನಾವಿಬ್ಬರೂ ಹೊತ್ತು ಬದಲಾಯಿಸಿಕೊಂಡೆವು.

ಆಫೀಸು ಮುಟ್ಟಿದ ಮೇಲೆ ಅವನೇ ಫೋನ್ ಮಾಡಲಿ. ಹಿಮದ ದಿನ ಅರ್ಧ ಗಂಟೆ ತಡವಾದರೂ ಕಾಯಿರಿ. ಜೋರು ಹಿಮ ಅಂತ ಅವನು ರಜೆ ಹಾಕಿ ಮನೆಯಲ್ಲೇ ಉಳಿದರೆ, ಕೆಲಸ ಹೋಗುತ್ತದೇನೋ ಅಂತ ಕೇಳಬೇಡಿ. ಒಳ್ಳೆಯದು ಮಾಡಿದೆ ಅನ್ನಿ.